ಹೆಸರು ಕೂಗುವವನ ಗಂಟಲು

ಕೋರ್ಟಿನ ಬಾಗಿಲಲ್ಲಿ ನಿಂತು ಜನರ ಹೆಸರು ಕೂಗುವುದು ನನ್ನ ಕೆಲಸವಾಗಿತ್ತು. ಹತ್ತೊಂಬತ್ತು ವರ್ಷ ಅದನ್ನೇ ಮಾಡಿದೆ. ಸಿಂಧನೂರು, ಮಸ್ಕಿ, ಲಿಂಗಸೂಗೂರು ಕಡೆಯವರಿಗೆ ಕೋರ್ಟೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಬದುವಿನ ಜಗಳಕ್ಕೋ, ಕಾಲುವೆ ನೀರಿನ ಜಗಳಕ್ಕೋ, ಆಸ್ತಿ ಪಾಲಿಗೋ ಒಮ್ಮೆಯಾದರೂ ಪೇಶಿಗೆ, ಅಂದರೆ ವಿಚಾರಣೆಯ ತಾರೀಖಿಗೆ, ಬಂದವರೇ ಹೆಚ್ಚು. ನಾನಿದ್ದದ್ದು ಯಾವ ಊರಿನ ಕೋರ್ಟಿನಲ್ಲಿ ಎಂದು ಮಾತ್ರ ಬರೆಯುವುದಿಲ್ಲ. ಆದ ತಪ್ಪು ನನ್ನದು, ಆ ಕಟ್ಟಡದ್ದಲ್ಲ.

ಪದ್ಧತಿ ಸರಳ. ಒಳಗೆ ಗುಮಾಸ್ತರು ಕೇಸಿನ ನಂಬರು ಹೇಳುತ್ತಾರೆ, ಜವಾನ ಬಾಗಿಲಿಗೆ ಬಂದು ಹೆಸರು ಕೂಗುತ್ತಾನೆ. ಮೂರು ಸಲ. ಮೂರನೆಯ ಕೂಗಿಗೂ ಯಾರೂ ಬರದಿದ್ದರೆ ಒಳಗೆ ಹೋಗಿ “ಕೂಗಿದೆ, ಹಾಜರಿಲ್ಲ” ಎನ್ನುತ್ತಾನೆ. ಆ ಮಾತಿನ ಮೇಲೆ ವಾರಂಟ್ ಹೊರಡಬಹುದು, ದಾವೆ ವಜಾ ಆಗಬಹುದು. ಜವಾನನೆಂದರೆ ಫೈಲು ಹೊರುವವನು, ನೀರಿನ ಲೋಟ ಇಡುವವನು ಎಂದುಕೊಂಡವರಿಗೆ ಇದು ಗೊತ್ತಿರುವುದಿಲ್ಲ. ನನಗೆ ಗೊತ್ತಿತ್ತು, ಸ್ವಲ್ಪ ಹೆಚ್ಚೇ ಗೊತ್ತಿತ್ತು. ನನ್ನ ಕೂಗು ಕಾಂಪೌಂಡು ದಾಟಿ ರಸ್ತೆಯಾಚೆಯ ಚಹಾದಂಗಡಿಯಲ್ಲಿ ಕೂತವರನ್ನೂ ಎಬ್ಬಿಸುತ್ತಿತ್ತು. “ಅಮರೇಶ ಕರೆದ್ರ ಸತ್ತೋನೂ ಎದ್ದು ಪೇಶಿಗೆ ಬರ್ತಾನ” ಎಂದು ವಕೀಲರು ನಗುತ್ತಿದ್ದರು. ನಾನು ಕೇಳಿ ಉಬ್ಬುತ್ತಿದ್ದೆ.

ದನಿ ಕೆಟ್ಟದ್ದು ಭತ್ತದ ಕೊಯ್ಲಿನ ಕಾಲಕ್ಕೆ. ಜವಳಗೇರಾ, ಬಳಗಾನೂರು ಕಡೆಯಿಂದ ಬರುವ ಬಸ್ಸುಗಳ ಸೀಟಿನ ಮೇಲೂ ಹೊಟ್ಟಿನ ಧೂಳು ಕೂತಿರುವ ದಿನಗಳವು. ಅರ್ಧ ಊರು ಕೆಮ್ಮುತ್ತಿರುತ್ತದೆ. ನನ್ನ ಗಂಟಲೂ ಕಟ್ಟಿತು. ಶುಂಠಿ ಕಷಾಯ ಕುಡಿದೆ, ಜ್ಯೇಷ್ಠಮಧು ಅಗಿದೆ, ಮೆಣಸು ಕಲ್ಲುಸಕ್ಕರೆ ದವಡೆಯಲ್ಲಿಟ್ಟುಕೊಂಡೆ. ದಿನದ ಬೀಡಿ ಕಟ್ಟೊಂದನ್ನು ಮಾತ್ರ ಬಿಡಲಿಲ್ಲ. ಕೊಯ್ಲು ಮುಗಿಯಿತು, ಧೂಳು ಅಡಗಿತು, ಉಳಿದವರ ಗಂಟಲು ಸರಿಯಾಯಿತು. ನನ್ನದು ಆಗಲಿಲ್ಲ. ನೋವಿರಲಿಲ್ಲ, ಜ್ವರವಿರಲಿಲ್ಲ, ಊಟ ಸೇರುತ್ತಿತ್ತು. ಅದೇ ನನಗೆ ಮೋಸ ಮಾಡಿದ್ದು. ನೋಯದ ರೋಗವನ್ನು ನಮ್ಮಂಥವರು ರೋಗವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ನಮ್ಮ ಮನೆ ಮಸ್ಕಿಯಲ್ಲಿ. ಹೆಂಡತಿ ಸುಜಾತಾ ಅಂಗನವಾಡಿಯಲ್ಲಿ ಕಲಿಸುತ್ತಾಳೆ. ಭಾನುವಾರ ಸಂಜೆ ನಮ್ಮ ಓಣಿಯ ಬುದ್ಧವಿಹಾರದಲ್ಲಿ ‘ಬುದ್ಧಂ ಶರಣಂ ಗಚ್ಛಾಮಿ’ ಎಂದು ತ್ರಿಶರಣ ಹೇಳಿಕೊಡುವವನು ನಾನು, ಉಳಿದವರು ನನ್ನ ಹಿಂದೆ ಹೇಳುತ್ತಾರೆ. ಬೇಸಿಗೆ ಕಾಲಿಟ್ಟ ಒಂದು ಭಾನುವಾರ ಎರಡನೆಯ ಸಾಲಿಗೆ ನನ್ನ ದನಿ ಒಡೆದು ನಿಂತೇಹೋಯಿತು. ತುಟಿ ಆಡುತ್ತಿತ್ತು, ಹೊರಗೆ ಬರುತ್ತಿದ್ದದ್ದು ಬರೀ ಗಾಳಿ. ಹೆಂಗಸರ ಸಾಲಿನಿಂದ ಸುಜಾತಾ ಎತ್ತಿಕೊಂಡು ಮುಂದುವರಿಸಿದಳು. ಮನೆಗೆ ಬರುವಾಗ ದಾರಿಯಲ್ಲಿ ನಿಲ್ಲಿಸಿ ಕೇಳಿದಳು.

“ಮೂರು ತಿಂಗಳಾತು ರೀ. ಇದು ಥಂಡಿ ಅಲ್ಲ. ಡಾಕ್ಟ್ರಿಗೆ ತೋರಿಸ್ರಿ.”

“ತೋರಿಸೀನಿ,” ಎಂದೆ. “ಲಿಂಗಸೂಗೂರದಾಗ. ಧೂಳಿಗೆ ಹಿಂಗಾಗೇತಿ ಅಂದ್ರು.”

ತೋರಿಸಿರಲಿಲ್ಲ. ಮರುದಿನ ಔಷಧಿ ಅಂಗಡಿಯಲ್ಲಿ ಕೆಮ್ಮಿನ ಸಿರಪ್ಪೊಂದನ್ನು ಕೇಳಿ ತಂದು, ಅವಳಿಗೆ ಕಾಣುವ ಹಾಗೆ ಗೂಡಿನಲ್ಲಿಟ್ಟೆ. ಅವಳು ನಂಬಿದಳು. ನಂಬದೆ ಏನು ಮಾಡುತ್ತಾಳೆ, ಗಂಡ ಬಾಟಲಿ ಸಮೇತ ಸುಳ್ಳು ಹೇಳುತ್ತಾನೆಂದು ಯಾರು ಎಣಿಸುತ್ತಾರೆ?

ಏಕೆ ಹೋಗಲಿಲ್ಲ ಎಂದು ಆಮೇಲೆ ಬಹಳ ಜನ ಕೇಳಿದರು. ಕೂಗಲಾಗದ ಜವಾನನನ್ನು ಬಾಗಿಲಲ್ಲಿ ಇಟ್ಟುಕೊಳ್ಳುವುದಿಲ್ಲವೆಂಬ ಭಯವಿತ್ತು ಎಂದು ಹೇಳುತ್ತೇನೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಯುಗಾದಿ ಮುಗಿದ ಮೇಲೆ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿ ಉಗುಳಿದಾಗ ನೀರಿನಲ್ಲಿ ಕೆಂಪನೆಯ ಎಳೆಯೊಂದು ಕಂಡಿತ್ತು. ನಾನು ನಲ್ಲಿಯನ್ನು ಜೋರಾಗಿ ತಿರುಗಿಸಿದೆ. ಅದು ಹೋಗುವವರೆಗೆ ನೀರು ಬಿಟ್ಟೆ. ಯಾವ ರೋಗದ ಹೆಸರು ಮನಸ್ಸಿಗೆ ಬಂತೋ ಆ ಹೆಸರನ್ನು ಬಾಯಿಗೆ ತರಲಿಲ್ಲ. ಊರ ಜನರ ಹೆಸರನ್ನೆಲ್ಲ ಕೂಗುವವನು ಅದೊಂದನ್ನು ಪಿಸುಗುಡಲೂ ಆಗದೆ ಬಸ್ಸು ಹತ್ತಿದೆ.

ಕೋರ್ಟಿನಲ್ಲಿ ನಾನೊಂದು ಉಪಾಯ ಮಾಡಿಕೊಂಡೆ. ಅಂದಿನ ಕೇಸುಗಳ ಪಟ್ಟಿ ಬೆಳಿಗ್ಗೆಯೇ ನನ್ನ ಕೈಗೆ ಬರುತ್ತಿತ್ತು. ಜಡ್ಜ್ ಸಾಹೇಬರು ಬೆಂಚಿಗೆ ಬರುವ ಮೊದಲೇ ಬೇವಿನ ಮರದ ಕೆಳಗೆ, ಕಟ್ಟೆಯ ಮೇಲೆ, ಚಹಾದಂಗಡಿಯಲ್ಲಿ ಕೂತವರ ಬಳಿ ಒಂದು ಸುತ್ತು ಹೋಗುತ್ತಿದ್ದೆ. “ನಿಂದು ಎಂಟನೇದು, ಬಾಗಲ ಬಿಟ್ಟು ಹೋಗಬ್ಯಾಡ,” “ನಿಂದು ಊಟದ ಹೊತ್ತಿಗೆ ಬರ್ತೈತಿ” ಎಂದು ಕಿವಿಯ ಹತ್ತಿರ ಬಗ್ಗಿ ಹೇಳಿ, ಒಬ್ಬೊಬ್ಬರನ್ನೇ ಬಾಗಿಲ ಮುಂದೆ ತಂದು ಕೂಡಿಸುತ್ತಿದ್ದೆ. ಆಮೇಲೆ ನಾನು ಕೂಗುವುದು ಶಾಸ್ತ್ರಕ್ಕೆ. ನನ್ನ ಮುಖ ನೋಡಿ ಅವರು ಎದ್ದು ಬರುತ್ತಿದ್ದರು. “ಅಮರೇಶ ಭಾಳ ಕಾಳಜಿ ಮಾಡ್ತಾನ” ಎಂಬ ಹೆಸರೂ ಬಂತು. ಹೀಗೆ ನಾಲ್ಕು ತಿಂಗಳು ದಬ್ಬಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ನೋಡಿ ನಗುವ ನಾವು, ನಮ್ಮ ಸರದಿ ಬಂದಾಗ ಅದಕ್ಕಿಂತ ಗಟ್ಟಿಯಾಗಿ ಕಣ್ಣು ಮುಚ್ಚುತ್ತೇವೆ.

ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದ ದಿನಗಳಲ್ಲಿ ಹುಲಿಗೆಮ್ಮನ ಪೇಶಿ ಬಂತು. ವಳಕಮದಿನ್ನಿಯ ಹೆಂಗಸು, ಐವತ್ತರ ಆಸುಪಾಸು. ಬದುವಿನ ಜಗಳದ ಕೇಸಿನಲ್ಲಿ ಆರೋಪಿ. ಅವತ್ತು ಅವಳ ಬಸ್ಸು ತಡವಾಗಿತ್ತು. ನನ್ನ ಸುತ್ತು ಮುಗಿದ ಮೇಲೆ ಬಂದು ಜನರ ಹಿಂದೆ ಗೋಡೆಗೊರಗಿ ಕೂತಿದ್ದಳು. ನಾನು ನೋಡಿರಲಿಲ್ಲ. ಗುಮಾಸ್ತರು ನಂಬರು ಹೇಳಿದಾಗ ಬಾಗಿಲಿಗೆ ಬಂದು “ಹುಲಿಗೆಮ್ಮ ಗಂಡ ದುರುಗಪ್ಪ” ಎಂದು ಕೂಗಿದೆ. ನಮ್ಮ ಕಡೆ ಕಾಗದದಲ್ಲಿ ಹೆಂಗಸರ ಹೆಸರಿಗೆ ಗಂಡನ ಹೆಸರು ಹೀಗೇ ಸೇರಿರುತ್ತದೆ. ಮೊದಲ ಸಲ ಕರಕರ ಎಂಬ ಸದ್ದಾದರೂ ಬಂತು. ಎರಡನೆಯದಕ್ಕೆ ಗಾಳಿ. ಮೂರನೆಯದಕ್ಕೆ ಕುತ್ತಿಗೆಯ ನರ ಉಬ್ಬಿದ್ದು ನನಗೇ ಗೊತ್ತಾಯಿತು, ಸದ್ದು ಮಾತ್ರ ಇಲ್ಲ. ಒಳಗೆ ಹೋಗಿ “ಹಾಜರಿಲ್ಲ” ಎಂದು ತಲೆಯಾಡಿಸಿದೆ. ವಾರಂಟ್ ಬರೆಯಲಾಯಿತು.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅವಳು ಬುತ್ತಿಯ ಗಂಟು ಹಿಡಿದು ನನ್ನ ಮುಂದೆ ಬಂದು ನಿಂತಳು.

“ಯಣ್ಣಾ, ವಳಕಮದಿನ್ನಿ ಹುಲಿಗೆಮ್ಮ ನಾ. ನನ್ನ ಹೆಸರು ಕರೀಲೇ ಇಲ್ಲಲ್ಲ?”

ಆಗಲೇ ಒಳಗೆ ಕರೆದುಕೊಂಡು ಹೋಗಿ, ಇವಳು ಬೆಳಗಿನಿಂದ ಇಲ್ಲೇ ಇದ್ದಳು, ನನ್ನ ದನಿ ಬರಲಿಲ್ಲ ಎಂದಿದ್ದರೆ ಮುಗಿದು ಹೋಗುತ್ತಿತ್ತು. ಸಾಹೇಬರು ಇನ್ನೂ ಕೋಣೆಯಲ್ಲಿದ್ದರು. ನಾನು ಹೇಳಿದ್ದು ಬೇರೆ.

“ಕರೆದಾತು. ನಿಮ್ಮ ವಕೀಲ್ರನ್ನ ಕಾಣು.”

ನಾಲ್ಕನೆಯ ದಿನ ಪೊಲೀಸರು ಅವಳನ್ನು ಗದ್ದೆಯಿಂದಲೇ ಎಬ್ಬಿಸಿಕೊಂಡು ಬಂದರು. ಕಾಲಿಗೆ ಮೆತ್ತಿದ್ದ ಕೆಸರು ಒಣಗಿ ಬಿರಿದಿತ್ತು. ನೂರು ಜನರ ಮುಂದೆ ಒಬ್ಬ ಪೇದೆ ಅವಳ ತೋಳಿನ ಪಕ್ಕ ನಿಂತಿದ್ದ. ಸಾಹೇಬರು ಕೇಳಿದರೆ ಅವಳು, “ನಾ ಬಾಗಲ ಮುಂದಾ ಕುಂತಿದ್ನಿರಿ ಸಾಹೇಬ್ರ, ಸಂಜೀತನ ಕುಂತಿದ್ನಿ” ಎಂದಳು. ಅವರು ನನ್ನ ಕಡೆ ತಿರುಗಿದರು.

“ಕೂಗಿದ್ದೆಯೇನಪ್ಪ?”

“ಮೂರು ಸಲ ಕೂಗೀನಿ ಸ್ವಾಮಿ,” ಎಂದೆ. ಅದನ್ನು ಹೇಳುವಾಗಲೂ ನನ್ನ ದನಿ ಅರ್ಧಕ್ಕೇ ನಿಂತಿತು. ಅದನ್ನು ಕೇಳಿಸಿಕೊಂಡ ಅವರು ವಾರಂಟ್ ರದ್ದು ಮಾಡಿ ಅವಳನ್ನು ಕಳಿಸಿದರು.

ಹೊರಗೆ ನಲ್ಲಿಯಲ್ಲಿ ಅವಳು ಕಾಲು ತೊಳೆಯುತ್ತಿದ್ದಳು. ಬೈಸಿಕೊಳ್ಳೋಣವೆಂದೇ ಹೋಗಿ ಪಕ್ಕದಲ್ಲಿ ನಿಂತೆ. ಬೈದಿದ್ದರೆ ಚೆನ್ನಾಗಿತ್ತು.

“ಅವತ್ತ ನಿನ್ನ ಬಾಯಿ ಆಡಿದ್ದು ನೋಡಿದ್ನಿ ಯಣ್ಣಾ,” ಎಂದಳು. “ಯಾರ ಸಂಗಟರ ಮಾತಾಡಾಕತ್ಯಾನ ಅನ್ಕಂಡ್ನಿ. ಎಷ್ಟು ದಿನಾತು ದನಿ ಹೋಗಿ?”

“ಥಂಡಿ,” ಎಂದೆ.

“ನಮ್ಮ ಮನಿಯವ್ರೂ ಹಂಗಾ ಅಂತಿದ್ರು. ನೋವಿಲ್ಲ ಏನಿಲ್ಲ, ದನಿ ಅಷ್ಟ ಹೋತು. ನಾವು ಹರಕಿ ಹೊತ್ಕೊಂಡು ಕುಂತ್ವಿ. ವರ್ಷ ತುಂಬೋದ್ರಾಗ ನೀರು ಸೈತ ಇಳೀದಂಗಾತು.”

“ಈಗ?”

“ಈಗೆಲ್ಲಿ? ಹುಲಿಗೆಮ್ಮ ಗಂಡ ದುರುಗಪ್ಪ ಅಂತ ನೀ ಕರೀತಿಯಲ್ಲ, ಆ ಕಾಗದದಾಗ ಅದಾರ, ಅಷ್ಟ.”

ಅವಳು ಸೆರಗಿನಿಂದ ಕಾಲು ಒರೆಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದಳು. ಮರುದಿನವೇ ಸುಜಾತಾಳಿಗೆ, “ಸಿಂಧನೂರಾಗ ಇನ್ನೊಬ್ಬರಿಗೆ ತೋರಿಸೂಣು” ಎಂದೆ. ‘ಇನ್ನೊಬ್ಬರಿಗೆ’ ಎಂದದ್ದನ್ನು ಗಮನಿಸಿ. ಆಗಲೂ ಸುಳ್ಳನ್ನು ಬಿಟ್ಟಿರಲಿಲ್ಲ.

ಸಿಂಧನೂರಿನ ಕಿವಿ-ಮೂಗು-ಗಂಟಲಿನ ದವಾಖಾನೆಯ ಕಾಯುವ ಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡ ಮಕ್ಕಳು, ಮೂಗಿಗೆ ಪಟ್ಟಿ ಹಾಕಿದವರು, ಗೋಡೆಯ ಮೇಲೆ ಸದ್ದಿಲ್ಲದೆ ಓಡುವ ಟಿವಿ. ಮೂರು ತಾಸು ಕಾದೆವು. ಚೀಟಿ ಹಿಡಿದ ಹುಡುಗಿ ನನ್ನ ಹೆಸರು ಕರೆದಾಗ “ಬಂದೆ” ಎಂದು ನಾನಂದದ್ದು ಅವಳಿಗೆ ಕೇಳಲಿಲ್ಲ. ಎರಡನೆಯ ಸಲ ಕರೆದಳು. ಮೂರನೆಯದಕ್ಕೆ ಮೊದಲು ಸುಜಾತಾ ಎದ್ದು ಕೈ ಎತ್ತಿದಳು.

ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಮೂಗಿನೊಳಗೆ ತೆಳ್ಳಗಿನ ಕೊಳವೆ ಬಿಟ್ಟು “ಈ ಅನ್ನು” ಎಂದರು. ಅಂದೆ. “ಇನ್ನೊಮ್ಮೆ.” ಅಂದೆ. ಕೊಳವೆ ತೆಗೆದವರು ಪರದೆಯನ್ನೇ ನೋಡುತ್ತ ಕೂತರು. ಬೀಡಿ ಎಷ್ಟು ಎಂದು ಕೇಳಿದರು, ಹೇಳಿದೆ. ಆಮೇಲೆ, “ಮೊದ್ಲು ಯಾರಿಗರ ತೋರಿಸಿದ್ರೇನು?” ಎಂದರು.

ನನಗಿಂತ ಮೊದಲು ಸುಜಾತಾ ಉತ್ತರಿಸಿದಳು. “ತೋರಿಸ್ಯಾರ್ರೀ. ಲಿಂಗಸೂಗೂರದಾಗ. ಧೂಳಿಗೆ ಅಂದಾರಂತ.”

“ಯಾವ ಡಾಕ್ಟರು? ಚೀಟಿ ತಂದೀರಿ?”

ಅವಳು ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. “ತೋರಿಸಿಲ್ಲ ಸರ್,” ಎಂದೆ. “ಎಂಟು ತಿಂಗಳಾತು. ನಡುವ ಒಮ್ಮೆ ರಕ್ತ ಬಿದ್ದಿತ್ತು.”

ಡಾಕ್ಟರು ಬೈಯಲಿಲ್ಲ. ದೊಡ್ಡ ಆಸ್ಪತ್ರೆಗೆ ಕಾಗದ ಬರೆದುಕೊಟ್ಟು, “ತಡ ಮಾಡಬ್ಯಾಡ್ರಿ” ಎಂದು ಮಾತ್ರ ಅಂದರು. ಮಸ್ಕಿಯವರೆಗೆ ಬಸ್ಸಿನಲ್ಲಿ ಸುಜಾತಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಇಳಿದ ಮೇಲೆ ಮನೆಯ ತಿರುವಿನಲ್ಲಿ ನಿಂತು ಒಂದೇ ಒಂದು ಸಲ ಮಾತಾಡಿದಳು.

“ರೋಗ ಬಂದಿದ್ದಕ್ಕ ನನಗ ಸಿಟ್ಟಿಲ್ರೀ. ದಿನಾ ಬೆಳಿಗ್ಗೆ ಎದ್ದು ಆ ಬಾಟ್ಲಿಯಿಂದ ಚಮಚೆಗೆ ಸುರುವಿ ಕೊಟ್ನಲ್ಲ, ನೀವು ಕುಡಿದ್ರಲ್ಲ. ಅದಕ್ಕ.”

ಮನೆಗೆ ಹೋದವನು ಗೂಡಿನಲ್ಲಿದ್ದ ಬಾಟಲಿಯನ್ನು ಬಚ್ಚಲಿಗೆ ಸುರುವಿದೆ.

ದೊಡ್ಡ ಆಸ್ಪತ್ರೆಯಲ್ಲಿ ಮತ್ತು ಬರಿಸಿ, ಗಂಟಲಿನಿಂದ ಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಬಾಯಿ ಬಿಡಕೂಡದು, ಪಿಸುಮಾತೂ ಕೂಡದು ಎಂದರು. ಪಿಸುಗುಟ್ಟಿದರೆ ಗಂಟಲಿಗೆ ಇನ್ನೂ ಕೆಡುಕಂತೆ. ನಾಲ್ಕು ತಿಂಗಳು ಬೇವಿನ ಮರದ ಕೆಳಗೆ ನಾನು ಮಾಡಿದ್ದು ಅದನ್ನೇ. ಆ ಹತ್ತು ದಿನ ಸುಜಾತಾ ಅಂಗನವಾಡಿಯಿಂದ ತಂದ ಹಳೆಯ ಪಾಟಿಯಲ್ಲಿ ಬರೆದು ತೋರಿಸುತ್ತಿದ್ದೆ. ‘ನೀರು’, ‘ಸಾಕು’, ‘ವರದಿ ಬಂತಾ’. ಮಾತಿಲ್ಲದ ಮನೆಯಲ್ಲಿ ಹೆದರಿಕೆಗೆ ಜಾಗ ಹೆಚ್ಚು. ಬಂದ ನೆಂಟರು ನಾನು ಮೂಗನಷ್ಟೇ ಅಲ್ಲ, ಕಿವುಡನೂ ಎಂಬಂತೆ ನನ್ನೆದುರೇ ಮಾತಾಡಿಕೊಳ್ಳುತ್ತಿದ್ದರು. “ದೊಡ್ಡ ಬ್ಯಾನಿ ಇರಬೇಕು.” “ಹಂಗಿದ್ರ ಗಂಟಲಾಗ ತೂತು ಹಾಕ್ತಾರಂತ.” ಸುಜಾತಾ ಚಹಾ ಕೊಡದೆ ಅವರನ್ನು ಎಬ್ಬಿಸುತ್ತಿದ್ದಳು. ನನ್ನ ಜೊತೆ ಅವಳ ಮಾತು ಇನ್ನೂ ಅಷ್ಟಕ್ಕಷ್ಟೇ ಇತ್ತು. ಆದರೂ ಪಾಟಿ ಒರೆಸಿ ಬಳಪ ಕೈಗೆ ಕೊಡುವುದನ್ನು ಒಂದು ದಿನವೂ ಮರೆಯಲಿಲ್ಲ.

ವರದಿ ಬಂತು. ಕ್ಯಾನ್ಸರ್. ಇನ್ನೂ ದನಿಯ ಪೊರೆಯ ಮೇಲೆ ಮಾತ್ರ ಇದೆ, ಕೆಳಗಿಳಿದಿಲ್ಲ ಎಂದರು. ಗಂಟಲಿನ ದನಿಪೆಟ್ಟಿಗೆ ತೆಗೆಯುವುದು ಬೇಡ, ಕರೆಂಟು ಕೊಡೋಣ ಎಂದರು. ವಿಕಿರಣಕ್ಕೆ ಅಲ್ಲಿ ಎಲ್ಲರೂ ಹಾಗೇ ಅನ್ನುವುದು. “ಇನ್ನೊಂದಿಷ್ಟು ತಿಂಗಳು ಬಿಟ್ಟು ಬಂದಿದ್ರೆ?” ಎಂದು ಪಾಟಿಯಲ್ಲಿ ಬರೆದು ತೋರಿಸಿದೆ. ಅಲ್ಲಿನ ಡಾಕ್ಟರಮ್ಮ ಓದಿ, ಪಾಟಿಯನ್ನು ಒರೆಸಿ ವಾಪಸು ಕೊಟ್ಟರು.

ಆರು ವಾರಕ್ಕಿಂತ ಹೆಚ್ಚು ಆ ಆಸ್ಪತ್ರೆಯಿದ್ದ ಊರಿನಲ್ಲೇ, ಒಂದು ಧರ್ಮಶಾಲೆಯಲ್ಲಿ ಉಳಿದೆವು. ಕುತ್ತಿಗೆ ಅಲುಗಾಡಬಾರದೆಂದು ಮುಖಕ್ಕೆ ಜಾಳಿಗೆಯಂಥ ಮುಖವಾಡ ಹಾಕಿ ಹಲಗೆಗೆ ಬಿಗಿಯುತ್ತಾರೆ. ಎಲ್ಲರೂ ಹೊರಗೆ ಹೋಗುತ್ತಾರೆ, ದಪ್ಪನೆಯ ಬಾಗಿಲು ಮುಚ್ಚುತ್ತದೆ. ಒಳಗೆ ಏನಾದರೂ ಆದರೆ ಕೂಗುವ ಹಾಗಿಲ್ಲ. ಕೂಗಿದರೂ ನನ್ನ ಗಂಟಲಿನಿಂದ ಏನು ಬರುತ್ತದೆ? ಮೊದಲ ದಿನ ಕಣ್ಣೀರು ಮುಖವಾಡದೊಳಗೇ ಕಿವಿಗೆ ಇಳಿಯಿತು. ಯಂತ್ರ ನಡೆಸುವ ಹುಡುಗಿ ಎರಡನೆಯ ದಿನದಿಂದ ಬಿಗಿಯುವ ಮೊದಲು ಕಾಲಬೆರಳಿಗೆ ಒಮ್ಮೆ ತಟ್ಟಿ, “ಅಲ್ಲಿಂದ ನೋಡ್ತಾ ಇರ್ತೀನಿ, ಕೈ ಎತ್ತಿದ್ರೆ ಓಡಿ ಬರ್ತೀನಿ” ಎನ್ನುತ್ತಿದ್ದಳು. ನಾನು ಒಂದು ದಿನವೂ ಕೈ ಎತ್ತಲಿಲ್ಲ. ಎತ್ತಿದರೆ ಬರುತ್ತಾಳೆಂಬುದೇ ಸಾಕಾಗಿತ್ತು.

ಮೂರನೆಯ ವಾರದಿಂದ ಎಂಜಲು ನುಂಗುವುದೂ ಕಷ್ಟವಾಯಿತು. ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯಿತು. ಸುಜಾತಾ ಧರ್ಮಶಾಲೆಯ ಒಲೆಯ ಮೇಲೆ ಜೋಳದ ಅಂಬಲಿ ಕಾಯಿಸಿ, ಆರಿಸಿ, ಮಜ್ಜಿಗೆ ಬೆರೆಸಿ ಕೊಡುತ್ತಿದ್ದಳು. ಚಮಚೆ ನನ್ನ ಬಾಯಿಯ ಹತ್ತಿರ ತರುವ ಮೊದಲು ಪ್ರತಿ ಸಲವೂ ಒಂದು ಕ್ಷಣ ತಡೆಯುತ್ತಿದ್ದಳು. ಏಕೆಂದು ಇಬ್ಬರಿಗೂ ಗೊತ್ತಿತ್ತು. ಒಂದು ಮಧ್ಯಾಹ್ನ ಹಾಗೆ ತಡೆದವಳು, “ಇನ್ನೊಮ್ಮೆ ಹಂಗ ಮಾಡಿದ್ರ ನಾ ಬರಂಗಿಲ್ಲ ನೋಡ್ರಿ, ಎಲ್ಲಿಗೂ” ಎಂದಳು. ನಾನು ತಲೆಯಾಡಿಸಿ ಬಾಯಿ ತೆರೆದೆ.

ಇದಾಗಿ ಎರಡು ವರ್ಷದ ಮೇಲಾಯಿತು. ಈಗ ನಾನು ಕೋರ್ಟಿನ ಹಳೇ ಕಡತಗಳ ಕೋಣೆಯಲ್ಲಿದ್ದೇನೆ, ಬಾಗಿಲಲ್ಲಿ ಬೇರೆಯವನು ಕೂಗುತ್ತಾನೆ. ಬೀಡಿ ಬಿಟ್ಟಿದ್ದೇನೆ. ದನಿ ವಾಪಸು ಬಂತು, ಆದರೆ ಹಳೆಯದಲ್ಲ. ಒರಟು, ಸಂಜೆಯಾದರೆ ದಣಿಯುತ್ತದೆ. ಫೋನಿನಲ್ಲಿ ನಾನೇ ಎಂದು ಬಂಧುಗಳು ನಂಬುವುದಿಲ್ಲ. ಕೊಯ್ಲಿನ ಕಾಲಕ್ಕೆ ಬಸ್ಸಿನಲ್ಲಿ ಯಾರಾದರೂ ಕರಕರ ದನಿಯಲ್ಲಿ ಟಿಕೇಟು ಕೇಳಿದರೆ ಪಕ್ಕದಲ್ಲಿ ಹೋಗಿ ಕೂತು “ಎಷ್ಟು ದಿನಾತು?” ಎಂದು ಕೇಳುತ್ತೇನೆ. ಎರಡು ಮೂರು ವಾರ ದಾಟಿದೆ ಎಂದರೆ ನನ್ನ ಕುತ್ತಿಗೆಯ ಕಪ್ಪು ತೋರಿಸುತ್ತೇನೆ. ಕೆಲವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ. ಹೋಗಲಿ, ತೋರಿಸಿಕೊಂಡರೆ ಸಾಕು. ಬಹಳ ಜನರದ್ದು ಬರೀ ಊತವೋ, ಕೂಗಿ ಕೂಗಿ ಎದ್ದ ಗಂಟೋ ಆಗಿರುತ್ತದಂತೆ, ಔಷಧಿಗೇ ಹೋಗುತ್ತದಂತೆ. ಆದರೆ ಅದನ್ನು ಹೇಳಬೇಕಾದವರು ಕೊಳವೆ ಬಿಟ್ಟು ನೋಡಿದವರು. ನಾವಲ್ಲ, ನಮ್ಮ ಕಲ್ಲುಸಕ್ಕರೆಯಲ್ಲ.

ಮೊದಮೊದಲು ತಿಂಗಳಿಗೊಮ್ಮೆ, ಈಗ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು. ಪ್ರತಿ ಸಲ ಸುಜಾತಾ ಜೊತೆಗೆ ಬರುತ್ತಾಳೆ. ಕಳೆದ ವಾರ ಅಂಗನವಾಡಿಗೆ ಮೇಲಿನವರು ಬರುವುದಿತ್ತು, ಹಾಗಾಗಿ ನಾನೊಬ್ಬನೇ ಹೋದೆ. ಕೊಳವೆ ಬಿಟ್ಟು “ಈ ಅನ್ನಿ” ಎಂದ ಡಾಕ್ಟರಮ್ಮ ಎರಡನೆಯ ಸಲ ಅನ್ನಿಸಿದರು, ಮೂರನೆಯ ಸಲವೂ ಅನ್ನಿಸಿದರು. ಎಡಗಡೆ ಒಂದು ಕೆಂಪು ಮಚ್ಚೆ ಕಾಣುತ್ತಿದೆ ಎಂದರು. ಕರೆಂಟಿನ ಊತವೇ ಇರಬಹುದು, ಇಲ್ಲದೆಯೂ ಇರಬಹುದು. ಮೂರು ತಿಂಗಳು ಬೇಡ, ಇಪ್ಪತ್ತು ದಿನಕ್ಕೆ ಬನ್ನಿ, ಆಗಲೂ ಇದ್ದರೆ ಚೂರು ತೆಗೆದು ನೋಡೋಣ ಎಂದರು.

ಬಸ್ಸು ಸಿಂಧನೂರು ದಾಟುವಷ್ಟರಲ್ಲಿ ನನ್ನ ತಲೆಯಲ್ಲಿ ಮಾತು ತಯಾರಾಗಿತ್ತು. ಎಲ್ಲಾ ಚಲೋ ಐತಂತ. ಇಪ್ಪತ್ತು ದಿನದ ಮಟ್ಟಿಗೆ ತಾನೆ, ಅವಳಾದರೂ ನಿದ್ದೆ ಮಾಡಲಿ, ಅಷ್ಟರಲ್ಲಿ ಏನೂ ಇಲ್ಲವೆಂದೂ ಆಗಬಹುದು. ಎಷ್ಟು ಒಳ್ಳೆಯ ಕಾರಣಗಳು ಸಾಲಾಗಿ ಬಂದವೆಂದರೆ ನನಗೇ ಹೆದರಿಕೆಯಾಯಿತು.

ಮನೆ ಮುಟ್ಟಿದಾಗ ಸುಜಾತಾ ರೊಟ್ಟಿ ಬಡಿಯುತ್ತಿದ್ದಳು. ನಾನು ಚಪ್ಪಲಿಯನ್ನೂ ಬಿಡದೆ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಮಚ್ಚೆ, ಎಡಗಡೆ, ಇಪ್ಪತ್ತು ದಿನ, ಚೂರು. ಅವಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬರುವವರೆಗೂ ನನ್ನ ಮುಖವನ್ನೇ ನೋಡಿದಳು.

“ಇದು ಇವತ್ತಿನ ಮಾತೋ, ಎಂಟು ತಿಂಗಳ ಹಿಂದಿಂದೋ?”

“ಇವತ್ತಿಂದು,” ಎಂದೆ. “ಮಧ್ಯಾಹ್ನ ಹೇಳ್ಯಾರ.”

ಅವಳು ಸೀದ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟು, ಹೊಸದೊಂದನ್ನು ಹಂಚಿಗೆ ಹಾಕಿದಳು.

“ರಜಾ ಬರೆದು ಹಾಕ್ತೀನಿ. ಇಬ್ರೂ ಹೋಗೂಣು,” ಎಂದಳು. “ಕೈಕಾಲು ತೊಳ್ಕೊಂಡು ಬರ್ರಿ, ಉಣ್ಣಾಕ.”